ಬಟ್ಟೆ ಇಲ್ಲದ ಮೀನು

ತೇಲುಕೇರಿ, ಹಳೆಯ ಹೊನ್ನಾವರದ ನೀರಿನ ಮೇಲೆ
ಏರುನೀರಿನ ನೂರ ನಲವತ್ತನೆಯ ವರ್ಷ, ಹದಿಮೂರನೆಯ ತಿಂಗಳು, ಶುಕ್ರವಾರ

ಹೆಸರು ಗೊತ್ತಿಲ್ಲದ ನನ್ನ ಹಿರಿಯಜ್ಜಿಗೆ ಕೇದಗೆಯ ನಮಸ್ಕಾರಗಳು.

ನೀವು ನೀರು ಏರುವ ಮೊದಲಿನವರು, ಈ ತಾರೀಕು ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ತೊಡರಬಹುದು, ಕ್ಷಮಿಸಿ. ನಮ್ಮ ವಂಶದಲ್ಲಿ ಕಾರಣ ಹೇಳುವುದನ್ನು ನಿಲ್ಲಿಸಿದವರು ನೀವೇ ಎಂಬ ಅನುಮಾನ ನನಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ತೇಲುಕೇರಿ ಎಂದರೆ ಪೀಪಾಯಿಗಳ ಮೇಲೆ ಕಟ್ಟಿದ ಮನೆಗಳ ಸಾಲು. ಉಬ್ಬರದಲ್ಲಿ ಇಡೀ ಕೇರಿ ಏಳುತ್ತದೆ, ಇಳಿತದಲ್ಲಿ ಇಡೀ ಕೇರಿ ಕೂರುತ್ತದೆ. ಅಂಗಳವಿಲ್ಲದ್ದರಿಂದ ಬಟ್ಟೆ, ಮೀನು, ಜಗಳ ಎಲ್ಲವೂ ಹಲಗೆಯ ಸೇತುವೆಯ ಮೇಲೇ ಒಣಗುತ್ತವೆ. ನೀರು ಏರಿದಾಗ ಊರಿನ ಜೊತೆ ದೇವರನ್ನೂ ಕಳೆದುಕೊಂಡವರ ಸಂತತಿ ಇಲ್ಲಿ ಬಹಳ, ಹಾಗಾಗಿ ಬೇರುಗಾರರೂ ಬಹಳ. ಬೇರುಗಾರರು ಉಗುಳು ಪರೀಕ್ಷಿಸಿ ನಿಮ್ಮ ಹಿರಿಯರ ಧರ್ಮ ಯಾವುದೆಂದು ಹೇಳುತ್ತಾರೆ. ಅದಕ್ಕೆ ಬೇಕಾದ ಉಡುಪು, ಪುಸ್ತಕ, ಪ್ರಾರ್ಥನೆಗಳನ್ನೂ ಅವರೇ ಮಾರುತ್ತಾರೆ. ಪಕ್ಕದ ಮನೆಯ ಗುಲಾಬಣ್ಣ ಒಂದೇ ಮಳೆಗಾಲದಲ್ಲಿ ಜೈನನಾದ, ಸೂಫಿಯಾದ, ಕೊನೆಗೆ ಮೊದಲಿನಂತೆ ಬರೀ ಗುಲಾಬಣ್ಣನಾಗಿ ಉಳಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ನಾನಂತೂ ಹಾಲನ್ನೇ ನಂಬುವವಳಲ್ಲ.

ನನ್ನನ್ನು ಸಾಕಿದ ರಿವ್ಕಾ ಅಜ್ಜಿ ಹೋದ ವರ್ಷ ತೀರಿಕೊಂಡಳು. ಶುಕ್ರವಾರ ಸಂಜೆ ಎರಡು ದೀಪ ಹಚ್ಚುವುದನ್ನು ಬಿಡಬೇಡ ಎಂಬುದೇ ಅವಳ ಕೊನೆಯ ಮಾತು. ಯಾರಿಗೆ, ಯಾಕೆ ಎಂದು ಕೇಳಿದರೆ, ತನ್ನ ಅಜ್ಜಿ ಹಚ್ಚುತ್ತಿದ್ದಳು ಎಂದಷ್ಟೇ ಹೇಳಿದಳು. ಅವಳು ಹೋದ ಮೇಲೆ ದೀಪಕ್ಕೆ ನನ್ನ ಕೈ ಏಳಲಿಲ್ಲ. ಯಾರ ಮುಂದೆಂದು ತಿಳಿಯದೆ ಹಚ್ಚಿದರೆ ನಾಟಕ, ಹಚ್ಚದಿದ್ದರೆ ಅಜ್ಜಿಯನ್ನು ಇನ್ನೊಂದು ಸಲ ನೀರಿಗೆ ಬಿಟ್ಟ ಹಾಗೆ.

ಆಗ ಸೆರಾಬಾಯಿ ಬಂದರು. ಎರಡು ದೀಪದ ಸುದ್ದಿ ಕೇಳಿ ಗೋಕರ್ಣದ ಕಡೆಯಿಂದ ದೋಣಿ ಹತ್ತಿ ಬಂದ ಮುದುಕಿ. ನೀನೂ ನಾನೂ ಯಹೂದಿಗಳು, ಬೆನೆ ಇಸ್ರಾಯೇಲರು, ಆ ದೀಪಗಳೇ ಗುರುತು ಎಂದರು. ಕೊಂಕಣದ ತೀರದಲ್ಲಿ ಗಾಣ ನಡೆಸುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದವರ ಮಕ್ಕಳು. ಪುಸ್ತಕ, ಭಾಷೆ ಎಲ್ಲ ಮರೆತಿದ್ದ ಆ ಜನರ ಬಳಿಗೆ ಹಿಂದೊಮ್ಮೆ ಒಬ್ಬ ಯಹೂದಿ ಪ್ರಯಾಣಿಕ ಬಂದು, ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟನಂತೆ. ಅವರು ಮೈಮೇಲೆ ಹುರುಪೆಯ ಪದರ ಇಲ್ಲದ ಮೀನನ್ನೆಲ್ಲ ಬದಿಗಿಟ್ಟರಂತೆ. ಅಂಥ ಮೀನು ಯಹೂದಿಗಳಿಗೆ ನಿಷಿದ್ಧ, ಅದರಿಂದಲೇ ಇವರು ತನ್ನವರೆಂದು ಗುರುತು ಹಿಡಿದನಂತೆ.

ಕಥೆ ಚೆನ್ನಾಗಿತ್ತು. ಚೆನ್ನಾಗಿರುವ ಕಥೆಯೇ ನನಗೆ ಆಗದು. ಸೆರಾಬಾಯಿ ಹಣ ಕೇಳಲಿಲ್ಲ, ಉಗುಳು ಕೇಳಲಿಲ್ಲ, ಶುಕ್ರವಾರ ಪ್ರಾರ್ಥನೆಗೆ ಬಾ ಎಂದರು ಅಷ್ಟೆ. ಏನೂ ಕೇಳದವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಅಜ್ಜಿ ನನಗೆ ಬಿಟ್ಟುಹೋದದ್ದು ಆ ದೀಪಗಳನ್ನು ಮಾತ್ರ. ಅವನ್ನೂ ಕಳ್ಳರ ಕೈಗೆ ಕೊಟ್ಟರೆ ನನ್ನಲ್ಲಿ ಇನ್ನೇನು ಉಳಿಯುತ್ತದೆ?

ಪ್ರಯಾಣಿಕ ಹೆಂಗಸರನ್ನು ಪರೀಕ್ಷಿಸಬಹುದಾದರೆ ಹೆಂಗಸು ಗುರುವಿನಂತೆ ಬಂದವರನ್ನು ಯಾಕೆ ಪರೀಕ್ಷಿಸಬಾರದು? ಸೆರಾಬಾಯಿಯನ್ನು ಊಟಕ್ಕೆ ಕರೆದೆ. ಬಂಗುಡೆ ಸಾರು ಮಾಡಿದೆ, ತೊರಕೆಯದೂ ಒಂದು ಸಾರು ಮಾಡಿದೆ. ತೊರಕೆ ಗೊತ್ತಲ್ಲ, ಬೀಸಣಿಗೆಯಂತೆ ಚಪ್ಪಟೆಯಾಗಿ, ಮೈಮೇಲೆ ಒಂದೂ ಹುರುಪೆ ಇಲ್ಲದ್ದು. ಹೆಸರು ಹೇಳದೆ ಎರಡನ್ನೂ ಬಡಿಸಿದೆ. ತೊರಕೆಗೆ ಕೈ ಹಾಕಿದರೆ ದೋಣಿ ತೋರಿಸಿ ಕಳಿಸುವುದೆಂದು ನಿಶ್ಚಯಿಸಿದ್ದೆ.

ಸೆರಾಬಾಯಿ ತಟ್ಟೆಯನ್ನೇ ಮುಟ್ಟಲಿಲ್ಲ. ಒಲೆಯ ಕಡೆ ನೋಡುತ್ತ ಕೂತರು. ತೊರಕೆ ಬೇಯಿಸಿದ ಬೋಗುಣಿಯ ಅಂಚಿನಲ್ಲಿ ಗುಲಾಬಣ್ಣನ ಹೆಸರು ಕೆತ್ತಿತ್ತು.

"ಪಾತ್ರೆ ಬೇಕಾದಷ್ಟು ಅದಾವಲ್ಲ ಮಗಾ ನಿನ್ನ ಮನೇಲಿ. ಇದೊಂದಕ್ಕೆ ಯಾಕೆ ಪಕ್ಕದ ಮನೆ ಬೋಗುಣಿ ತಂದೆ?"

ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಬಾಯಿಂದ ಬಂದದ್ದು ಅಜ್ಜಿಯ ಮಾತು. "ಅದಕ್ಕೆ ಬಟ್ಟೆ ಇಲ್ಲ. ನಮ್ಮ ಪಾತ್ರೆಗೆ ಬ್ಯಾಡ."

ಅಜ್ಜಿ ಹುರುಪೆಯನ್ನು ಮೀನಿನ ಬಟ್ಟೆ ಎನ್ನುತ್ತಿದ್ದಳು. ಬಟ್ಟೆ ಇಲ್ಲದ್ದನ್ನು ನಮ್ಮ ಪಾತ್ರೆಯ ಹತ್ತಿರ ಬರಗೊಡುತ್ತಿರಲಿಲ್ಲ. ಮುದುಕಿಯ ಮಡಿ ಎಂದುಕೊಂಡಿದ್ದೆ. ಕಥೆಯ ಹೆಂಗಸರಂತೆ ನಾನೂ ಆ ಮೀನನ್ನು ಬದಿಗಿಟ್ಟಿದ್ದೆ. ಸೆರಾಬಾಯಿ ಇದನ್ನೂ ಮೊದಲೇ ಹೂಡಿರಬಹುದೇ ಎಂದು ಆಗಲೂ ಒಂದು ಕ್ಷಣ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಬೋಗುಣಿ ಕೇಳಲು ಪಕ್ಕದ ಮನೆಗೆ ಹೋದವಳು ನಾನು, ಅವರು ಕಳಿಸಿರಲಿಲ್ಲ. ಅಜ್ಜಿ ಸತ್ತ ದಿನ ಬಾರದ ಅಳು ಅಂದು ಬಂತು.

ಹಿರಿಯಜ್ಜಿ, ನೀವು ಹೆದರಿ ಸುಮ್ಮನಾದಿರೋ, ಕೇಳುವವರಿಲ್ಲದೆ ಸುಮ್ಮನಾದಿರೋ ನನಗೆ ಗೊತ್ತಿಲ್ಲ. ಒಂದೇ ಕೋರಿಕೆ. ಮಗುವಿನ ತಟ್ಟೆಯಿಂದ ತೊರಕೆಯ ತುಂಡನ್ನು ತೆಗೆದಿಡುವಾಗ, ಬಟ್ಟೆ ಇಲ್ಲ ಎಂದಷ್ಟೇ ಹೇಳಿ ಮುಗಿಸಬೇಡಿ. ಯಾಕೆಂದು ಹೇಳಿ. ನಿಮಗೂ ಮರೆತಿದ್ದರೆ, ಮರೆತಿದ್ದೇನೆ ಎಂದಾದರೂ ಹೇಳಿ.

ಹೊತ್ತು ಮುಳುಗುತ್ತಿದೆ. ಹಲಗೆಯ ಮೇಲೆ ಸೆರಾಬಾಯಿ ಕಾಯುತ್ತಿದ್ದಾರೆ, ನನ್ನ ಮಡಿಲಲ್ಲಿ ಅಜ್ಜಿಯ ಎರಡು ದೀಪಗಳಿವೆ. ಇವನ್ನು ಹಚ್ಚಿದ ಮೇಲೆ ನಾಳೆ ಕತ್ತಲಾಗುವವರೆಗೆ ಏನನ್ನೂ ಬರೆಯಬಾರದಂತೆ. ಯಾಕೆ ಎಂದು ಕೇಳಿದೆ, ಅದು ಗಾಣ ನಿಲ್ಲುವ ದಿನ, ಬರೆಯುವುದೂ ಕೆಲಸವೇ ಎಂದು ಅವರು ಹೇಳಿದರು. ಪೂರ್ತಿ ನಂಬಿಕೆ ಬಂದಿಲ್ಲ, ಆದರೂ ಪೆನ್ನು ಕೆಳಗಿಡುತ್ತಿದ್ದೇನೆ.