ನಾಳೆ ಮಾಗಡಿಯ ಮೇಲೆ ಚೆಂಡು ಎಸೆಯುವವರು ಯಾರು

ವಿರೂಪಾಕ್ಷಿಪುರ, ಚನ್ನಪಟ್ಟಣ ತಾಲ್ಲೂಕು
೨೨-೩-೨೦೨೫, ಶನಿವಾರ ಬೆಳಗ್ಗೆ

ಪ್ರೀತಿಯ ತಮ್ಮ ಮುನಿಕೃಷ್ಣನಿಗೆ,

ಹನುಮಂತರಾಯ ನಿನ್ನ ಕಾಲನ್ನು ಬೇಗ ನೆಲಕ್ಕೆ ಊರಿಸಲಿ. ಇಂದು ಶನಿವಾರ, ನನ್ನ ಒಪ್ಪತ್ತು. ಬಾಗಿಲಿಗೆ ನೀರು ಹಾಕಿ, ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದು, ಕೊಟ್ಟಿಗೆ ಬಾಚಿ, ತಲೆಗೆ ನೀರೆರೆದುಕೊಂಡು ದೀಪ ಹಚ್ಚಿದ್ದಾಯಿತು. ರೇಷ್ಮೆ ಹುಳಗಳು ಪೊರೆ ಬಿಡಲು ಮೂರನೇ ಜ್ವರಕ್ಕೆ ಕೂತಿವೆ, ಅವಕ್ಕೂ ಇವತ್ತು ಸೊಪ್ಪು ಹಾಕುವಂತಿಲ್ಲ. ಮನೆಯಲ್ಲಿ ಉಪವಾಸ ಇರುವವಳು ನಾನೊಬ್ಬಳೇ ಅಲ್ಲ ಎಂದು ನಿಮ್ಮ ಭಾವ ನಗುತ್ತಾರೆ. ಸೊಪ್ಪು ಕೊಯ್ಯುವ ಕೆಲಸ ತಪ್ಪಿದ್ದರಿಂದಲೇ ಈ ಕಾಗದ ಬರೆಯಲು ಹೊತ್ತು ಸಿಕ್ಕಿದೆ.

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ನವೆ ಬಂದರೆ ಸ್ಕೇಲು ತೂರಿಸಿ ಕೆರೆದುಕೊಳ್ಳುತ್ತೀಯಂತೆ, ಹಾಗೆ ಮಾಡಬೇಡ, ಗಾಯವಾದರೆ ಒಳಗೇ ಕೀವು ತುಂಬುತ್ತದೆ. ಕುದೂರಿನಲ್ಲಿ ನಿಮ್ಮ ಅತ್ತೆಯವರು ದಿನಾ ಕಾಲು ಸೂಪು ಕಾಯಿಸಿ ಕೊಡುತ್ತಿದ್ದಾರೆ ಎಂದು ತಿಳಿದು ಸಂತೋಷ. ಸ್ಕೂಟರಿನಿಂದ ಬಿದ್ದ ಅಳಿಯನಿಗೆ ಇಷ್ಟು ಉಪಚಾರ ಸಿಗುತ್ತದೆ ಎಂದಿದ್ದರೆ ನಿಮ್ಮ ಭಾವನೂ ಒಂದು ಸಲ ಬೀಳುತ್ತಿದ್ದರು. ಬುಧವಾರದಿಂದ ಫೋನ್ ಮಾಡುತ್ತಿದ್ದೇನೆ. ಸೌಮ್ಯ ಎತ್ತಿ "ಮನ್ಗವ್ರೆ ಕಣಕ್ಕ" ಎನ್ನುತ್ತಾಳೆ. ಅವಳ ಹಿಂದೆ ನೀನು "ಮನ್ಗವ್ನೆ ಅನ್ನು, ಮನ್ಗವ್ನೆ ಅನ್ನು" ಎಂದು ಪಿಸುಗುಟ್ಟುವುದು ನನಗೆ ಚೆನ್ನಾಗಿ ಕೇಳುತ್ತದೆ. ಪಿ.ಟಿ. ಮೇಷ್ಟ್ರ ಪಿಸುಮಾತು ಮೈದಾನದ ಆಚೆ ತುದಿಗೂ ಮುಟ್ಟುವಂಥದ್ದು. ಹೆಂಡತಿಯ ಬಾಯಲ್ಲಿ ಸುಳ್ಳು ಹೇಳಿಸಬೇಡ. ಬೈಯುವುದಕ್ಕೆ ನಾನು ಫೋನ್ ಮಾಡಿರಲಿಲ್ಲ.

ಮೊದಲು ಟೀಮಿನ ವಿಚಾರ. ನನಗೆ ಬೇಸ್‌ಬಾಲ್ ಗೊತ್ತಿಲ್ಲ ಎಂದು ನೀನು ಹೇಳಬಹುದು. ಮಗಳು ಸಿರಿ ಎರಡು ವರ್ಷದಿಂದ ಎಸೆದವರ ಚೆಂಡು ಹಿಡಿಯಲು ಕುಕ್ಕರುಗಾಲಲ್ಲಿ ಕೂತು ಕೂತು, ರಾತ್ರಿ ಅವಳ ಮಂಡಿಗೆ ಎಣ್ಣೆ ತಿಕ್ಕುವವಳು ನಾನು. ತಿಕ್ಕುವಾಗ ಅವಳು ಹೇಳಿದ್ದೆಲ್ಲ ಕಿವಿಗೆ ಬಿದ್ದಿದೆ. ಒಬ್ಬರ ಮೇಲೊಬ್ಬರು ಎರಡೆರಡು ಸಲ ಆಡುವ ನಾಲ್ಕು ತಾಲ್ಲೂಕಿನ ಹುಡುಗಿಯರಲ್ಲಿ ರಾಮನಗರದವರು ಆಗಲೇ ಫೈನಲ್ ಸೇರಿಯಾಯಿತು. ಕನಕಪುರದವರು ಹೋದ ಭಾನುವಾರ ನಮ್ಮನ್ನು ಸೋಲಿಸಿದರೂ ಮೇಲೆ ಬರುವಷ್ಟು ಗೆದ್ದಿಲ್ಲ, ಅವರ ಆಸೆ ಮುಗಿಯಿತು. ಉಳಿದ ಒಂದು ಜಾಗಕ್ಕೆ ನಾವು ಮತ್ತು ಮಾಗಡಿಯವರು, ಸರಿಸಮ ಇದ್ದೇವೆ. ನಾಳೆ ಭಾನುವಾರ ರಾಮನಗರದ ಮೈದಾನದಲ್ಲಿ ಗೆದ್ದವರು ಫೈನಲಿಗೆ, ಸೋತವರು ಮನೆಗೆ. ಫೈನಲ್ ಆಡಿದವರನ್ನು ನೋಡಿಯೇ ರಾಜ್ಯದ ಟೀಮಿಗೆ ಆರಿಸುತ್ತಾರೆ ಎಂದು ಹುಡುಗಿಯರಿಗೆ ಆಸೆ ಹುಟ್ಟಿಸಿದವನು ನೀನೇ.

ಈಗಿರುವ ಟೀಮು ನಾಳೆ ಗೆಲ್ಲುವುದಿಲ್ಲ. ಇಷ್ಟು ದಿನ ಚೆಂಡು ಎಸೆಯುತ್ತಿದ್ದ ನಿಖಾತಳ ಜಾಗದಲ್ಲಿ ನೀನು ಹಾಕಿರುವ ಹೊಂಗನೂರಿನ ಹುಡುಗಿ ಒಳ್ಳೆಯವಳು, ಕೈಯಲ್ಲಿ ಕಸುವೂ ಇದೆ, ಆದರೆ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೇ ತಿಳಿಯುವುದಿಲ್ಲ. ನಿನ್ನೆ ಪ್ರಾಕ್ಟೀಸಿನಲ್ಲಿ ಎಸೆದದ್ದು ಒಂದು ಬೇಲಿಯಾಚೆ ಕಟ್ಟಿದ್ದ ಎಮ್ಮೆಗೆ ಬಿತ್ತು, ಎಮ್ಮೆಯ ಯಜಮಾನಿ ಬಂದು ಆಡಿದ ಮಾತನ್ನು ಒಪ್ಪತ್ತಿನ ದಿನ ಬರೆಯಲಾರೆ. ಸಿರಿ ಮನೆಗೆ ಬಂದು, "ಅವ್ವ, ನಾಳೀಕೆ ಮಾಗಡಿಯೋರು ಬ್ಯಾಟೇ ಬೀಸಬೇಕಾಗಿಲ್ಲ. ಸುಮ್ನೆ ಹೆಗಲ ಮ್ಯಾಲೆ ಇಕ್ಕಂಡು ನಿಂತ್ರೆ ಸಾಕು, ನಾಕು ಚೆಂಡು ಅಡ್ಡ ಹೋದ್ರೆ ಒಂದು ಬೇಸು ಪುಕ್ಸಟ್ಟೆ, ನಾವೇ ನಡುಸ್ಕೊಂಡು ಹೋಗಿ ಗೆಲ್ಲುಸ್ಬುಡ್ತೀವಿ" ಎಂದಳು.

ಹೋದ ಭಾನುವಾರ ನೀನು ಅಲ್ಲಿರಲಿಲ್ಲ, ಫೋನಿನಲ್ಲಿ ಕೇಳಿದವನು. ನಾನು ಪುಳಿಯೋಗರೆ ಡಬ್ಬಿ ಹೊತ್ತು ಹೋಗಿದ್ದೆ, ಕಂಡದ್ದನ್ನು ಹೇಳುತ್ತೇನೆ. ಆಟ ಶುರುವಾದದ್ದೇ ನಡುಮಧ್ಯಾಹ್ನ ಕಳೆದ ಮೇಲೆ. ಬಿಸಿಲು ಸುಡುತ್ತಿತ್ತು. ರಂಜಾನಿನ ರೋಜಾ ಉಪವಾಸವಿದ್ದ ನಿಖಾತ್ ಬೆಳಕು ಹರಿಯುವ ಮುಂಚೆ ಉಂಡು ಬಂದವಳು, ನೀರೂ ಮುಟ್ಟಿರಲಿಲ್ಲ. ಮೊದಲ ನಾಲ್ಕು ಇನ್ನಿಂಗ್ಸು ಕನಕಪುರದವರಿಗೆ ಒಂದು ರನ್ನೂ ಕೊಡಲಿಲ್ಲ. ಆಮೇಲೆ ಕೈ ಸೋತಿತು. ಕಡೆಯ ಇನ್ನಿಂಗ್ಸಿನಲ್ಲಿ ಚೆಂಡು ಅಡ್ಡಾದಿಡ್ಡಿ ಹೋಗಿ ಸೋತೆವು. ಅವಳು ಬಂದು ನೆರಳಲ್ಲಿ ಕೂತು ಮುಖ ಒರೆಸಿಕೊಂಡಳು, ಅಷ್ಟೇ. ಅಷ್ಟರಲ್ಲಿ ನಿನ್ನ ಫೋನ್ ಬಂತು. ಸ್ಪೀಕರಿಗೆ ಹಾಕಿಸಿ ಎಲ್ಲರ ಎದುರಿಗೆ "ಉಪಾಸ ಬುಡು, ಇಲ್ಲ ಟೀಮ್ ಬುಡು. ಎರಡೂ ಇಟ್ಕೊಂಡು ನನ್ ಟೀಮ್ ಮುಳುಗುಸ್ಬ್ಯಾಡ" ಎಂದೆ. ಆ ಹುಡುಗಿ "ಆಯ್ತು ಸರ್" ಎಂದಳು. ಬುಧವಾರ ಟೀಮಿನ ಅಂಗಿ ಒಗೆದು ಮಡಿಚಿ ತಂದು ನನ್ನ ಕೈಗೆ ಕೊಟ್ಟು ಹೋದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಅಳಲಿಲ್ಲ.

ಬಿಸಿಲಿನಲ್ಲಿ ಹುಡುಗಿ ತಲೆಸುತ್ತಿ ಬಿದ್ದರೆ ಯಾರು ಹೊಣೆ ಎನ್ನುವ ನಿನ್ನ ಭಯ ಸುಳ್ಳಲ್ಲ. ಅದನ್ನು ನಾನು ಒಪ್ಪುತ್ತೇನೆ. ಆದರೆ ನೀನು ಹೇಳಿದ್ದು ಆ ಮಾತನ್ನಲ್ಲ.

ಉಪವಾಸದ ವಿಚಾರ ನನಗೆ ಒಸಿ ಗೊತ್ತು. ಮದುವೆಯಾಗಿ ಬಂದಾಗಿನಿಂದ ಶನಿವಾರ ಬಿಟ್ಟವಳಲ್ಲ. ನೀನು ಚಿಕ್ಕವನಿದ್ದಾಗ ನಾನೂ ಒಪ್ಪತ್ತು ಇರುತ್ತೇನೆ ಎಂದು ಹಟ ಹಿಡಿದು, ಹಾಲು ಕರೆಯುವ ಹೊತ್ತಿಗೇ ಬೆಲ್ಲದ ಡಬ್ಬಿಗೆ ಕೈ ಹಾಕಿದವನು. ಅವ್ವ ನೋಡಿಯೂ ನೋಡದ ಹಾಗೆ ಇದ್ದಳು. ಅವಳಿಗೆ ದೇವರ ಮೇಲೆ ಭಕ್ತಿ ಕಮ್ಮಿ ಇತ್ತೇ? ಇಲ್ಲ. ಬೇರೆಯವರ ಉಪವಾಸಕ್ಕೆ ನಾವು ಕಾವಲುಗಾರರಲ್ಲ ಎನ್ನುತ್ತಿದ್ದಳು. ಬಿಡಿಸುವುದಕ್ಕೂ ಅಲ್ಲ, ಹಿಡಿಸುವುದಕ್ಕೂ ಅಲ್ಲ. ದೇವರಿಗೆ ಕೊಟ್ಟ ಮಾತನ್ನು ಒಂದು ಆಟಕ್ಕಾಗಿ ಬಿಡುವ ಹುಡುಗಿ, ನಾಳೆ ನಿನಗೆ ಕೊಟ್ಟ ಮಾತನ್ನೂ ಬಿಟ್ಟಾಳು. ಅಂಥವಳನ್ನು ಟೀಮಿನಲ್ಲಿ ಇಟ್ಟುಕೊಂಡು ಏನು ಮಾಡುತ್ತೀಯ?

ಗುರುವಾರ ಸಿರಿಯ ಜೊತೆ ಚನ್ನಪಟ್ಟಣಕ್ಕೆ ಹೋದವಳು ಅವರ ಮನೆಗೂ ಹೋಗಿ ಬಂದೆ. ನಿಖಾತಳ ಅಪ್ಪ ಸಾಬೀರಣ್ಣ ಬೊಂಬೆಯ ಕೆಲಸ ಬದಿಗಿಟ್ಟು ಲೇತಿನ ಮೇಲೆ ನಮ್ಮ ಹುಡುಗಿಯರ ಬ್ಯಾಟುಗಳನ್ನು ಕಡೆದುಕೊಟ್ಟವರು, ನಿನಗೆ ನೆನಪಿರಬಹುದು. ಅವರು ಲೇತು ನಿಲ್ಲಿಸದೆ, "ಮೇಷ್ಟ್ರು ಒಂದ್ ಮಾತು ಹೇಳಿದ್ ಮೇಲೆ ಮುಗೀತಕ್ಕ. ನೀವು ಕೇಳಕ್ಕೆ ಹೋಗ್ಬೇಡಿ, ಅಕ್ಕ ತಮ್ಮ ಮಧ್ಯ ನಮ್ದು ಬೇಡ" ಎಂದರು. ಅವರ ತಾಯಿ ಗುಲ್ಜಾರ್ ಬೀ ಹಾಗೆ ಬಿಡುವವರಲ್ಲ. "ಕೇಳಮ್ಮಾ ಅಂಬುಜಮ್ಮ, ನಿಮ್ ತಮ್ಮಂಗೆ ಹೇಳು. ನಮ್ ಹುಡ್ಗಿ ಬಾಲು ಕೈಯಲ್ಲಿ ಎಸೀತಾಳೆ, ಹೊಟ್ಟೇಲಿ ಎಸೆಯಲ್ಲ" ಎಂದು ಲೇತಿನ ಸದ್ದಿಗಿಂತ ಜೋರಾಗಿ ಹೇಳಿದರು. ನಾನು ನಕ್ಕೆ. ನಿಖಾತ್ ಒಳಗೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಬರುವಾಗ ಸಿರಿ ನನ್ನನ್ನು ಒಂದು ಮಾತು ಕೇಳಿದಳು. ಶಿವರಾತ್ರಿಯ ಮಾರನೆ ದಿನ ರಾಮನಗರದ ಮೇಲೆ ಸೋತೆವಲ್ಲ, ಆ ಆಟದ ಮಾತು. ನಮ್ಮ ಹುಡುಗಿಯರೆಲ್ಲ ರಾತ್ರಿಯಿಡೀ ಭಜನೆ, ಜಾಗರಣೆ ಮಾಡಿ ಬೆಳಗ್ಗೆ ನೇರವಾಗಿ ಮೈದಾನಕ್ಕೆ ಹೋಗಿದ್ದರು. "ನಾನು ಕುಕ್ಕರುಗಾಲಲ್ಲೇ ತೂಕಡುಸ್ತಿದ್ದೆ ಕಣವ್ವ. ಮೂರನೇ ಬೇಸಲ್ಲಿದ್ದೋಳು ಚೆಂಡು ಬಂದದ್ದೇ ನೋಡ್ನಿಲ್ಲ. ಅವತ್ತು ನೆಟ್ಟಗೆ ಆಡ್ದೋಳು ನಿಖಾತ್ ಒಬ್ಳೇಯ. ಮಾಮ ನಮ್ಗೆ ಏನಾರ ಅಂದ್ರಾ? ದೇವರ ಕಾರ್ಯ ಬುಡು ಅಂದ್ರು" ಎಂದಳು. ನಿನ್ನ ಮಾಮನನ್ನೇ ಕೇಳು ಎಂದೆ. ನಿನ್ನಲ್ಲಿ ಉತ್ತರ ಇದ್ದರೆ ಅವಳಿಗೆ ಬರೆ.

ಇನ್ನೊಂದು ಸಂಗತಿ. ನಿನ್ನೆ ರಾಮನಗರಕ್ಕೆ ಹೋಗಿ ಪಂದ್ಯ ನಡೆಸುವ ಅನಂತರಾಜು ಅವರನ್ನು ಕಂಡೆ. ಯಾಕೆ ಹೋದೆ ಎಂದು ಆಮೇಲೆ ಹೇಳುತ್ತೇನೆ. ಮಾತಿನ ನಡುವೆ, ಫೈನಲ್ ಯಾವತ್ತು ಎಂದು ಕೇಳಿದೆ. ಸರ್ಕಾರಿ ರಜೆ, ಮೈದಾನ ಖಾಲಿ ಇರುತ್ತದೆ ಎಂದು ಮೂವತ್ತೊಂದನೇ ತಾರೀಕು ಸೋಮವಾರ ಇಟ್ಟಿದ್ದರಂತೆ. ಯುಗಾದಿಯ ಮಾರನೆ ದಿನ. ನಮಗೆ ಹೊಸತೊಡಕು, ಚಂದ್ರ ಕಂಡರೆ ಅವರಿಗೆ ರಂಜಾನ್ ಹಬ್ಬ. ಅನಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕು, "ನಿಮ್ ತಮ್ಮನೇ ಫೋನ್ ಮಾಡಿದ್ದ ಕಣಕ್ಕ. ಹೊಸತೊಡಕಿನ ದಿನ ಬಾಡು ಬುಟ್ಟು ಯಾವಳು ಬತ್ತಾಳೆ ಫೀಲ್ಡಿಗೆ, ನನ್ ಟೀಮಂತೂ ಬರಕಿಲ್ಲ, ಮುಂದಕ್ಕಾಕು ಅಂದ. ಆಯ್ತಪ್ಪ ಅಂತ ಅದರ ಮುಂದಿನ ಭಾನುವಾರಕ್ಕೆ ಹಾಕ್ದೆ" ಎಂದರು. ಆ ಭಾನುವಾರ ರಾಮನವಮಿ. ಪಾನಕ ಕುಡಿದು ಓಡಲಿ, ಅದು ಬೇರೆ ಮಾತು.

ಹೊಸತೊಡಕು ನಮ್ಮ ಮನೆಯಲ್ಲೂ ಇದೆ. ಆವತ್ತು ಬಾಡು ಬೇಯದ ಮನೆ ನಮ್ಮೂರಲ್ಲಿ ಬೆರಳೆಣಿಕೆ, ನಾನೂ ಉಣ್ಣುತ್ತೇನೆ, ತಪ್ಪು ಎನ್ನುವುದಿಲ್ಲ. ಆದರೆ ಮುನಿಕೃಷ್ಣ, ನಮ್ಮ ಬಾಡಿನೂಟಕ್ಕೆ ಫೈನಲ್ ಒಂದು ವಾರ ಮುಂದಕ್ಕೆ ಹೋಗುತ್ತದೆ ಎಂದ ಮೇಲೆ, ಆ ಹುಡುಗಿಯ ಉಪವಾಸಕ್ಕೆ ಒಂದು ಆಟ ಒಂದು ಹೊತ್ತು ಹಿಂದಕ್ಕೆ ಬರಬಾರದೇ?

ಬರುತ್ತದೆ. ನಾನು ಅನಂತರಾಜು ಅವರ ಬಳಿ ಹೋದದ್ದು ಅದಕ್ಕೇ. ಒಪ್ಪತ್ತು ಇರುವ ಹೆಂಗಸಿಗೆ ತಿಳಿದಿರುವುದು ಇಷ್ಟೇ: ಭಾರದ ಕೆಲಸವನ್ನೆಲ್ಲ ಬೆಳಗ್ಗೆಯೇ ಮಾಡಿ ಮುಗಿಸಬೇಕು, ಮಧ್ಯಾಹ್ನಕ್ಕೆ ಉಳಿಸಿಕೊಳ್ಳಬಾರದು. ನಿಖಾತ್ ಕೋಳಿ ಕೂಗುವ ಹೊತ್ತಿಗೆ ಉಂಡಿರುತ್ತಾಳೆ. ಹೊತ್ತು ಮೂಡಿದ ಕೂಡಲೇ ಆಟ ಶುರುವಾದರೆ ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಇದನ್ನು ಹೇಳಿದೆ. ಅವರು ಅಲ್ಲಿಂದಲೇ ಮಾಗಡಿ ಟೀಮಿನವರಿಗೆ ಫೋನ್ ಹಚ್ಚಿದರು. ಅಷ್ಟು ಬೇಗ ಬರಬೇಕಾ ಎಂದು ಅವರು ಗೊಣಗಿದರು. ಎರಡೂ ಕಡೆಯವರಿಗೆ ಬೆಳಗಿನ ತಿಂಡಿ ನನ್ನದು ಎಂದೆ. ಬಿಸಿಬಿಸಿ ತಟ್ಟೆ ಇಡ್ಲಿ ಎಂದ ಕೂಡಲೇ ಗೊಣಗು ನಿಂತಿತು. ಅಕ್ಕಿ ನೆನೆಹಾಕಿದ್ದೇನೆ, ನಾಳೆ ಆಟ ಬೆಳಗ್ಗೆ ಏಳಕ್ಕೆ.

ಈಗ ಉಳಿದಿರುವುದು ನಿನ್ನ ಮಾತು. ಟೀಮಿನ ಮೇಷ್ಟ್ರು ಬರೆದು ಸಹಿ ಮಾಡಿಕೊಡದೆ, ಟೀಮು ಬಿಟ್ಟವರನ್ನು ಮತ್ತೆ ಸೇರಿಸುವ ಹಾಗಿಲ್ಲ, ಅದು ನಿಯಮ ಎಂದು ಅನಂತರಾಜು ಹೇಳಿದರು. ನಾನು ಎಷ್ಟು ಬೇಡಿದರೂ ಅದೊಂದನ್ನು ಬಿಡಲಿಲ್ಲ, ಸರಿಯೇ. ಎಲ್ಲರ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮೇಷ್ಟ್ರಿಗೆ ಕಷ್ಟ ಎಂದು ನನಗೆ ಗೊತ್ತು. ತಪ್ಪಾಯಿತು ಎಂದು ಬರೆ ಎನ್ನುತ್ತಿಲ್ಲ. ಆಟದ ಹೊತ್ತು ಬದಲಾಗಿದೆ, ಆದ್ದರಿಂದ ನಿಖಾತ್ ಎಸೆಯುತ್ತಾಳೆ ಎಂದು ಬರೆದರೆ ಸಾಕು. ನಿನ್ನ ಮರ್ಯಾದೆಯೂ ಉಳಿಯುತ್ತದೆ. ಅವಳು ಎಸೆದೂ ಸೋತರೆ ಸೋಲಲಿ, ಆಟದಲ್ಲಿ ಸೋತ ಹಾಗೆ ಆಗುತ್ತದೆ.

ನಿಮ್ಮ ಭಾವ ಕೇಳಿದರೆಂದು ಹೇಳು. ನಿಮ್ಮ ಅತ್ತೆ ಮಾವನಿಗೆ ನನ್ನ ನಮಸ್ಕಾರ, ಸೌಮ್ಯಳಿಗೆ ಒಳ್ಳೆಯದಾಗಲಿ. ಯುಗಾದಿಗೆ ಬರಲಾಗದಿದ್ದರೆ ಬೇವು ಬೆಲ್ಲ ಅಲ್ಲೇ ತಿನ್ನು, ಬೆಲ್ಲ ಮಾತ್ರ ಆರಿಸಿಕೊಳ್ಳಬೇಡ. ಆ ಹನುಮಂತರಾಯ ನಿನ್ನ ಎರಡು ಕಾಲಿಗೂ ಬಲ ಕೊಡಲಿ.

ನಿನ್ನ ಅಕ್ಕ,
ಅಂಬುಜಮ್ಮ

ಮರೆತೆ, ಕಾಗದ ಒಯ್ಯುವವರ ಬಸ್ಸಿಗೆ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ: ಈ ಕಾಗದ ತಂದು ನಿನ್ನ ಬಾಗಿಲಲ್ಲಿ ನಿಂತಿರುವವರು ಸಾಬೀರಣ್ಣನೇ. ಮರ ನೋಡಲು ಕುದೂರಿನ ಸಾಮಿಲ್ಲಿಗೆ ಬರುತ್ತಿದ್ದಾರೆ. ಒಳಗೆ ಏನಿದೆ ಎಂದು ನಾನು ಹೇಳಿಲ್ಲ, ನಿನ್ನನ್ನು ಹಬ್ಬಕ್ಕೆ ಕರೆದಿದ್ದೇನೆ ಎಂದುಕೊಂಡಿದ್ದಾರೆ. ಕಾಫಿ, ನೀರು ಎಂದು ಒತ್ತಾಯ ಮಾಡಬೇಡಿ, ಅವರಿಗೂ ರೋಜಾ. ಸಾಮಿಲ್ಲಿನ ಕೆಲಸ ಮುಗಿಸಿಕೊಂಡು ಮೂರು ಗಂಟೆಗೆ ಉತ್ತರ ತೆಗೆದುಕೊಂಡು ಹೋಗಲು ಮತ್ತೆ ಬರುತ್ತಾರೆ. ನಿಖಾತಳ ಹೆಸರು ಬರೆದಿದ್ದರೆ ಕಾಗದವನ್ನು ಅಂಟಿಸದೆ ಅವರ ಕೈಗೇ ಕೊಡು, ಮೊದಲು ಓದುವವರು ಅವರೇ ಆಗಲಿ. ಬರೆಯಲು ಮನಸ್ಸು ಬಾರದಿದ್ದರೆ ನನಗೆ ಯಾವ ಉತ್ತರವೂ ಬೇಡ. ಅವರನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಮಗಳು ಯಾಕೆ ಬೇಡ ಎಂದು ನೀನೇ ಬಾಯಿಬಿಟ್ಟು ಹೇಳಿ ಕಳಿಸು.