ಅಡುಗೆಕಟ್ಟೆಯ ಎತ್ತರ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ನನ್ನ ಮೊಮ್ಮಗಳಿಗೆ, ಎರಡು ಹಾಳೆ ಹರಿದು ಹಾಕಿ ಮೂರನೆಯದರಲ್ಲಿ ನಿನ್ನ ಅಜ್ಜಿ ಬರೆಯುತ್ತಿರುವ ಕಾಗದ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು ನಿನ್ನ ಅಮ್ಮನ ಮನೆಯಲ್ಲಿ ಹೊತ್ತು ಹೊತ್ತಿಗೆ ಉಂಡು ಮಲಗುತ್ತಿದ್ದೀಯ ಎಂದು ಕೇಳಿ ಇನ್ನೂ ಚೆನ್ನಾಗಿದ್ದೇನೆ. ನಿನ್ನ ಫೋನು ನನ್ನ ಟ್ರಂಕಿನಲ್ಲಿದೆ, ಟ್ರಂಕಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಮೊದಲೆರಡು ದಿನ ಒಳಗಿನಿಂದ ಬಡಕೊಳ್ಳುತ್ತಿತ್ತು. ಆಮೇಲೆ ಚಾರ್ಜು ಮುಗಿದು ಅದಕ್ಕೂ ವಿಶ್ರಾಂತಿ ಸಿಕ್ಕಿತು. ಹದಿನೈದು ದಿನ ಮನೆ ಕಟ್ಟುವ ಸುದ್ದಿ ನಿನ್ನ ಕಿವಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಇವತ್ತಿಗೆ ಹನ್ನೆರಡು ದಿನವಾಯಿತು. ಮೂರು ದಿನ ಮುಂಚೆಯೇ ನಾನು ಆ ಮಾತು ಮೀರುತ್ತಿದ್ದೇನೆ, ಯಾಕೆಂದರೆ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ಹೆದರಬೇಡ, ಯಾವ ಗೋಡೆಯೂ ಬಿದ್ದಿಲ್ಲ. ನನ್ನದು ನಾಲ್ಕನೇ ಕ್ಲಾಸಿಗೆ ನಿಂತುಹೋದ ಅಕ್ಷರ, ನಿಧಾನವಾಗಿ ಓದು.

ಸೈಟಿನ ಮೆಟ್ಟಿಲ ಮೇಲೆ ನೀನು ತಲೆ ಸುತ್ತಿ ಕೂತುಬಿಟ್ಟಾಗ ಎಲ್ಲರೂ ತಪ್ಪನ್ನು ಬಿಸಿಲಿನ ಮೇಲೆ ಹಾಕಿದರು. ಬಿಸಿಲಲ್ಲ ಕಣೇ. ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ದಿನವೇ ಅದು ಶುರುವಾಗಿತ್ತು. ನೆಲದ ಮೇಲೆ ಗೆರೆ ನೋಡಿದವರಿಗೆಲ್ಲ ಕೋಣೆ ಚಿಕ್ಕದಾಗಿಯೇ ಕಾಣುತ್ತದೆ. "ಗೋಡೆ ಎದ್ದ ಮೇಲೆ ದೊಡ್ಡದಾಗತ್ತಮ್ಮ, ಎಲ್ರೂ ಹೀಗೇ ಅಳ್ತಾರೆ" ಎಂದು ಮೇಸ್ತ್ರಿ ಎಷ್ಟು ಹೇಳಿದರೂ ನೀನು ನಂಬಲಿಲ್ಲ. ಮಲಗುವ ಕೋಣೆಯ ಗೆರೆಯೊಳಗೆ ಆಫೀಸಿನ ಬಟ್ಟೆಯಲ್ಲೇ ಅಂಗಾತ ಮಲಗಿ, ಎರಡೂ ಕೈ ಚಾಚಿ, "ಅಜ್ಜಿ, ಇಲ್ಲಿ ಮಂಚ ಹಿಡಿಯತ್ತಾ?" ಎಂದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬಳಂತೂ ಅಯ್ಯೋ ಪಾಪ ಎಂದು ನೀರು ತರಲು ಓಡಿದಳು.

ಅಲ್ಲಿಂದ ಮುಂದೆ ನಿನ್ನ ಕೈಚೀಲದಲ್ಲಿ ಬಾಚಣಿಗೆ ಹೋಗಿ ಅಳತೆ ಟೇಪು ಬಂತು. ನಿನ್ನ ಗೆಳತಿಯ ಮಗು ನೋಡಲು ಹೋದವಳು ಮಗುವನ್ನು ಎತ್ತಿಕೊಳ್ಳುವ ಮೊದಲು ಅವರ ಬಾಗಿಲ ಅಗಲ ಅಳೆದೆ. ನಲ್ಲಿಯ ಚಿತ್ರಗಳನ್ನೇ ಮುನ್ನೂರು ಕೂಡಿಟ್ಟೆ. ನನಗೆ ತೋರಿಸಿದಾಗ ಎಲ್ಲದರಲ್ಲೂ ನೀರು ಕೆಳಗೇ ಬೀಳುತ್ತದಲ್ಲವೇ ಎಂದು ಕೇಳಿದ್ದಕ್ಕೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟೆ. ನನ್ನ ಜೊತೆ ಮಾತು ಬಿಟ್ಟರೆ ನನಗೇನೂ ನಷ್ಟವಿಲ್ಲ. ನಿನಗೆ ಜಡೆ ಹಾಕಿ ಬೆಳೆಸಿದವಳು ನಾನು, ನಿನ್ನ ಮುನಿಸು ಎಷ್ಟು ಹೊತ್ತಿಗೆ ಹಸಿಯುತ್ತದೆ ಎಂದು ಗೊತ್ತು. ಆದರೆ ನಿನ್ನ ಗಂಡನಿಗೆ ಅದು ಗೊತ್ತಿಲ್ಲ.

ಅವನು ಮೊದಮೊದಲು ಎಲ್ಲಕ್ಕೂ "ನಿನಗೆ ಹೇಗೆ ಇಷ್ಟವೋ ಹಾಗೆ" ಎನ್ನುತ್ತಿದ್ದ. ಅವನಿಗೆ ಮನೆಯ ಮೇಲೆ ಗಮನವೇ ಇಲ್ಲ ಎಂದು ನೀನು ಗೊಣಗಿದೆ. ಅದು ಕಿವಿಗೆ ಬಿದ್ದು ಪಾಪ ಒಂದು ದಿನ ರಜ ಹಾಕಿ, ನಾಲ್ಕು ಅಂಗಡಿ ತಿರುಗಿ, ಬಚ್ಚಲಿಗೆ ಹಸಿರು ಟೈಲ್ಸ್ ಆರಿಸಿ ತಂದ. ನೀನೇನು ಮಾಡಿದೆ? ಮೇಸ್ತ್ರಿ, ಬಡಗಿ, ಮರಳು ಜರಡಿ ಹಿಡಿಯುವ ಹೆಂಗಸರು, ಎಲ್ಲರ ಮುಂದೆ "ನೀನು ಸುಮ್ನಿರಪ್ಪ, ನಿನಗೇನ್ ಗೊತ್ತು?" ಎಂದು ಗಾಡಿ ತಿರುಗಿಸಿ ವಾಪಸು ಕಳಿಸಿದೆ. ಟೈಲ್ಸ್ ನನಗೂ ಹಿಡಿಸಿರಲಿಲ್ಲ, ಆ ಮಾತು ಬೇರೆ. ಅವತ್ತಿನಿಂದ ಅವನು ನಿನ್ನನ್ನು ಗೇಟಿನ ತನಕ ಬಿಟ್ಟು ಹೋಗುವವನಾದ. ಎರಡು ತಿಂಗಳು ನೀವಿಬ್ಬರೂ ಒಂದೇ ಮನೆ ಕಟ್ಟುತ್ತಿರುವ ಬೇರೆ ಬೇರೆ ಊರಿನವರ ಹಾಗೆ ಇದ್ದಿರಿ.

ನೀನು ಹೋದ ಮಾರನೆಯ ದಿನದಿಂದ ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅಲ್ಲಿ ಕೂತೆ. ನನ್ನ ಬಾಯಿ ನಿನಗಿಂತ ಜೋರು, ಆದರೆ ನನಗೆ ಬೈದು ಮರೆಯಲು ಬರುತ್ತದೆ. ಬಾಗಿಲು ನಾಳೆ ತರುತ್ತೇನೆ ಎಂದ ಬಡಗಿಗೆ "ನಿನ್ನ ನಾಳೆಗೆ ಈಗ ವಯಸ್ಸೆಷ್ಟಪ್ಪ, ಶಾಲೆಗೆ ಸೇರಿಸಿದ್ಯಾ?" ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ, ಮರುದಿನ ಬಾಗಿಲು ಬಂತು. ಹೊಸ ಗಾರೆಗೆ ವಾರವಿಡೀ ನೀರು ಹೊಡೆಯಬೇಕಲ್ಲ, ಅದನ್ನು ನಿನ್ನ ಗಂಡ ಕೆಲಸಕ್ಕೆ ಹೋಗುವ ಮುಂಚೆ ಬಂದು ಮಾಡುತ್ತಾನೆ. ನಾನು ಹೇಳಿದ್ದಲ್ಲ. ಪ್ಯಾಂಟು ಮೊಣಕಾಲಿಗೆ ಮಡಿಚಿಕೊಂಡು, ಪೈಪು ಹಿಡಿದು, ಒಂದು ಮೂಲೆಯನ್ನೂ ಬಿಡದೆ ತೋಯಿಸುತ್ತಾನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸುತ್ತಿ ಬಳಸಿ ಬಂದೆ, ನಿನಗೆ ಗೊತ್ತಾಗಿರುತ್ತದೆ.

ನಮ್ಮ ಮೇಸ್ತ್ರಿಗೆ ಒಂದು ಅಭ್ಯಾಸ. ಅಡುಗೆಕಟ್ಟೆಯ ಎತ್ತರಕ್ಕೆ ಅವನು ಕಾಗದ ನಂಬುವುದಿಲ್ಲ. ಅಡುಗೆ ಮಾಡುವವರನ್ನೇ ಗೋಡೆಯ ಪಕ್ಕ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾನೆ. ಮೊನ್ನೆ ಬೆಳಿಗ್ಗೆ "ಅಡುಗೆ ಮಾಡೋರು ಯಾರು, ಬಂದು ನಿಂತ್ಕೊಳ್ಳಿ" ಎಂದ. ಅಲ್ಲಿದ್ದವಳು ನಾನೊಬ್ಬಳೇ. ಹೋಗಿ ನಿಂತೆ.

ಮರೆತು ನಿಂತೆ ಎಂದು ಬರೆದರೆ ಸುಳ್ಳಾಗುತ್ತದೆ. ಗೋಡೆಗೆ ಅಂಟಿಸಿದ್ದ ಪ್ಲಾನಿನಲ್ಲಿ ನೀನು ಕೆಂಪು ಶಾಯಿಯಲ್ಲಿ ಬರೆದ ಅಂಕಿ ನನ್ನ ಕಣ್ಣೆದುರಿಗೇ ಇತ್ತು. ಓದಲು ಬರುತ್ತದೆ ನನಗೆ. ಆದರೂ ನಿಂತೆ. ಮೊದಲು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೇಯಿಸಿದೆ, ಆಮೇಲೆ ಬಾಡಿಗೆ ಮನೆಗಳಲ್ಲಿ ಎದೆಮಟ್ಟದ ಕಟ್ಟೆಗೆ ಮಣೆ ಹಾಕಿಕೊಂಡು, ಅದರ ಮೇಲೆ ಹತ್ತಿ ನಿಂತು ಬೇಯಿಸಿದೆ. ಐವತ್ತೆಂಟು ವರ್ಷದಲ್ಲಿ ಯಾರೂ ನನ್ನ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಕೇಳಿರಲಿಲ್ಲ. ಕೇಳಿದ ಒಬ್ಬನಿಗೆ ನಾನಲ್ಲ, ನನ್ನ ಮೊಮ್ಮಗಳು ಎಂದು ಹೇಳಲು ಬಾಯಿ ಬರಲಿಲ್ಲ. ಸಂಜೆಯೊಳಗೆ ಕಟ್ಟೆಯ ಇಟ್ಟಿಗೆ ಎದ್ದು ನಿಂತಿತು. ನೀನು ಬರೆದದ್ದಕ್ಕಿಂತ ಆರು ಇಂಚು ಗಿಡ್ಡ.

ಸಂಜೆ ನಿನ್ನ ಗಂಡ ಬಂದ. ಕಟ್ಟೆ ನೋಡಿದ, ಪ್ಲಾನು ನೋಡಿದ, ನನ್ನ ಮುಖ ನೋಡಿದ. "ಅಜ್ಜಿ, ಇದು ಯಾರ ಎತ್ತರ?" ಎಂದ. ನನ್ನದು ಎಂದೆ. ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚುವವನ ಹಾಗೆ ಬಗ್ಗಿ ತೋರಿಸಿದ, ಬೆನ್ನು ಎರಡಾಗಿ ಮಡಿಚಿಹೋಯಿತು. ಇಬ್ಬರಿಗೂ ನಗು ತಡೆಯಲಿಲ್ಲ. ನಗುತ್ತ ನಗುತ್ತ ಸಿಮೆಂಟು ಮೂಟೆಯ ಮೇಲೆ ಕೂತ. "ಹೋಗಿ ಅವಳಿಗೆ ಹೇಳೋಣ ಅನ್ಸತ್ತೆ ಅಜ್ಜಿ, ಮೊದಲಾದ್ರೆ ಇಬ್ರೂ ಸೇರಿ ನಗ್ತಿದ್ವಿ. ಈಗ ಹೆದರಿಕೆ ಆಗತ್ತೆ. ಮನೆ ಮುಗಿಯೋ ಹೊತ್ತಿಗೆ ನಮ್ಮಿಬ್ರಲ್ಲಿ ಏನ್ ಉಳಿದಿರತ್ತೋ" ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ನಿಮ್ಮ ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲು.

ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು "ಅಜ್ಜಿ, ಅಮ್ಮನವರಿಗೆ ಹೇಳೋದೇ ಬೇಡ. ಮೇಲೆ ಎರಡು ವರಸೆ ಇಟ್ಟಿಗೆ ಏರಿಸ್ತೀನಿ, ಅವರು ಬರೋದ್ರೊಳಗೆ ಕಲ್ಲು ಕೂರಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದ. ಎಂಥ ಸುಲಭ! ನಾನೂ ಹೂಂ ಎನ್ನುವವಳಿದ್ದೆ. ಆಗ ಅವನೇ ಮುಂದುವರಿಸಿದ: "ಬಚ್ಚಲ ಪೈಪ್ ಸೊಟ್ಟ ಆದಾಗ್ಲೂ ಹಾಗೇ ಮಾಡಿದ್ವಿ."

ಹೂಂ ಎನ್ನುವುದನ್ನು ಬಿಟ್ಟು, ಇನ್ನೇನೇನು ಮುಚ್ಚಿದ್ದೀರಿ ಎಂದು ಕೇಳಿದೆ. ಕೇಳುತ್ತ ಹೋದರೆ ಇನ್ನೂ ಎಷ್ಟೋ ಇದ್ದವು. ಬಡಗಿಯ ಮರ ಬಿರುಕು ಬಿಟ್ಟಿದ್ದನ್ನು ಮುಚ್ಚಿದ್ದರು, ಸ್ವಿಚ್ಚು ಬೇರೆ ಗೋಡೆಗೆ ಹೋದದ್ದನ್ನು ಮುಚ್ಚಿದ್ದರು. ಯಾರೂ ಮೋಸಗಾರರಲ್ಲ. ಎಲ್ಲರಿಗೂ ನಿನ್ನ ಮುಖದ ಭಯ. ಏನೋ ಸರಿಯಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಎಂದು ನೀನು ದಿನವಿಡೀ ಒದ್ದಾಡುತ್ತಿದ್ದೆಯಲ್ಲ, ಅದು ನಿಜವೇ ಇತ್ತು. ಆದರೆ ನೀನು ಕೂಗಿದಷ್ಟೂ ಅವರು ಮುಚ್ಚಿದರು, ಅವರು ಮುಚ್ಚಿದಷ್ಟೂ ನಿನ್ನ ನಿದ್ದೆ ಕೆಟ್ಟಿತು. ಇದನ್ನು ನಿನ್ನ ಡಾಕ್ಟರು ಮಾತ್ರೆಯಲ್ಲಿ ಹೇಗೆ ವಾಸಿ ಮಾಡಿಯಾರು? ಆ ಸಾಲಿನಲ್ಲಿ ನಾನೂ ಒಬ್ಬಳಾಗಬಾರದು ಎಂದು ಕಾಗದಕ್ಕೆ ಕೂತೆ. ಪೈಪನ್ನು ನೆಟ್ಟಗೆ ಮಾಡಿಸಿದ್ದೇನೆ, ಮರ ಬದಲಾಯಿಸಿದೆ. ಸ್ವಿಚ್ಚು ಅಲ್ಲೇ ಇರಲಿ, ಅಲ್ಲೇ ಕೈಗೆ ಸಿಗುತ್ತದೆ.

ಕಟ್ಟೆಯ ಮೇಲೆ ಇನ್ನೂ ಕಲ್ಲು ಕೂರಿಸಿಲ್ಲ, ಕೂರಿಸಬೇಡ ಎಂದಿದ್ದೇನೆ. ನಿನ್ನ ಗಂಡ ಸಿಮೆಂಟು ಚೀಲದ ಕಾಗದ ಹರಿದು ಅದರ ಮೇಲೆ ಒಂದು ಚಿತ್ರ ಬರೆದಿದ್ದಾನೆ, ಇದರೊಳಗೆ ಮಡಿಚಿಟ್ಟಿದ್ದೇನೆ. ಒಲೆಯಿರುವ ಕಡೆ, ಕಿಟಕಿಯ ಉದ್ದಕ್ಕೂ ನಿನ್ನ ಎತ್ತರ. ಹಿತ್ತಿಲ ಬಾಗಿಲ ಪಕ್ಕದ ಮೂರಡಿ ಮಾತ್ರ ನನ್ನ ಎತ್ತರ, ತರಕಾರಿ ಹೆಚ್ಚಿಕೊಂಡು ನಿನ್ನನ್ನು ಬೈಯುತ್ತ ನಿಲ್ಲಲು. ನಾನು ಕೇಳಿದ್ದಲ್ಲ. ನಿನಗೆ ಬೇಡವಾದರೆ ಅದನ್ನೂ ಏರಿಸಲು ಅರ್ಧ ದಿನದ ಕೆಲಸ. ನಾನು ಮುನಿಸಿಕೊಳ್ಳುವುದಿಲ್ಲ ಎಂದು ಬರೆಯಲಾರೆ. ಎರಡು ದಿನ ಮುನಿಸಿಕೊಳ್ಳುತ್ತೇನೆ, ಮೂರನೆಯ ದಿನ ನೀನೇ ಏನಾದರೂ ತಮಾಷೆ ಮಾಡಿ ನಗಿಸಬೇಕು.

ಬೇಕೋ ಬೇಡವೋ, ಉತ್ತರ ನನಗೆ ಬರೆಯಬೇಡ. ಮೇಸ್ತ್ರಿಗೂ ಹೇಳಬೇಡ. ಚಿತ್ರ ಬರೆದವನಿಗೇ ಹೇಳು. ಕಾಗದ ತಂದವನು ಅವನೇ, ನೀನು ಇದನ್ನು ಓದುವಾಗ ಬಾಗಿಲ ಹತ್ತಿರ ಚಪ್ಪಲಿ ಕಳಚುವುದೋ ಬೇಡವೋ ಎಂದು ನಿಂತಿರುತ್ತಾನೆ. ಒಳಗೆ ಕರೆ. ಎರಡು ಬಸ್ಸು ಬದಲಾಯಿಸಿ ಬಂದಿದ್ದಾನೆ, ಊಟ ಆಯಿತೇ ಎಂದು ಕೇಳು. ಉಂಡ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಆ ಚಿತ್ರದ ಮಡಿಕೆ ಬಿಚ್ಚಿ ನೋಡಿ. ಅವನಿಗೆ ಚಿತ್ರ ಬರೆಯಲು ಬರುವುದಿಲ್ಲ, ಒಲೆ ಆಮೆಯ ಹಾಗಿದೆ. ನಗು ಬಂದರೆ ತಡೆಯಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ಣಿಗೆ ನಿದ್ದೆ ಹತ್ತಲಿ, ನೂರು ವರ್ಷ ಬೆನ್ನು ಬಾಗದೆ ಬಾಳು.

ಇಂತಿ, ನಿನ್ನ ಕಟ್ಟೆ ಕೆಡಿಸಿದ
ಅಜ್ಜಿ