ವಾಪಸ್ ಹೋದ ಏಳು ಪತ್ರಗಳು

ಆಫೀಸಿನ ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಂಗಡಿಯಲ್ಲಿ ದಿನವಿಡೀ ನಿಂತುಕೊಂಡೇ ಫೋಟೊಗಳಿಗೆ ಕಟ್ಟು ಹಾಕಬೇಡ, ಒಂದು ಸ್ಟೂಲ್ ಎಳೆದುಕೋ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಸರ್ವರ್‌ಗಳ ಗುಂಯ್ ಸದ್ದು ಬಿಟ್ಟರೆ ಇಲ್ಲಿ ನನಗೆ ಜೊತೆಯಿಲ್ಲ. ಎಂಟು ತಿಂಗಳಿಂದ ನಿನ್ನ ಒಂದು ಸಾಲೂ ಇಲ್ಲ.

ಅಮ್ಮನ ಹೊಲಿಗೆ ಯಂತ್ರವನ್ನು ನಿನ್ನನ್ನು ಕೇಳದೆ ಯಾರಿಗೋ ಕೊಟ್ಟಿದ್ದು ನನ್ನದೇ ತಪ್ಪು. "ಇನ್ಮೇಲೆ ನಿಂಗೆ ಬರೆದ್ರೆ ಕೇಳು" ಅಂದು ಹೋದೆಯಲ್ಲ, ಅದನ್ನೇ ನಂಬಿದೆ. ಹಟಮಾರಿ, ಹೇಳಿದ್ದನ್ನು ಮಾಡಿಯೇ ತೋರಿಸಿದ ಎಂದು ಬೈದುಕೊಂಡೆ.

ನಿನ್ನೆ ಯಾರದೋ ಇಮೇಲ್ ಬಂದಿಲ್ಲವೆಂದು ದೂರು ಬಂತು. ಸರ್ವರ್ ವಾಪಸ್ ಕಳಿಸಿದವುಗಳ ದಾಖಲೆ ತೆಗೆದು ನೋಡುತ್ತಾ ಹೋದರೆ ನಿನ್ನ ಅಂಗಡಿಯ ವಿಳಾಸ. ಒಂದಲ್ಲ, ಏಳು ಸಲ, ಎಲ್ಲವೂ ನನಗೇ ಬರೆದದ್ದು. ಯಾರ ಹೆಸರಲ್ಲಿ ಬೇಕಾದರೂ ಇಮೇಲ್ ಕಳಿಸುವ ಕಳ್ಳರಿದ್ದಾರೆ ಅಣ್ಣಾ. ಅದಕ್ಕೇ ತನ್ನ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದೆಂಬ ಪಟ್ಟಿಯನ್ನು ಪ್ರತಿ ಅಂಗಡಿಯೂ ಎಲ್ಲರಿಗೂ ಕಾಣುವಂತೆ ಇಡಬೇಕು. ನೀನು ಇಮೇಲನ್ನು ಹೊಸ ಕಂಪನಿಗೆ ಬದಲಾಯಿಸಿದೆ, ಪಟ್ಟಿ ಹಳೆಯದೇ ಉಳಿಯಿತು. ಪಟ್ಟಿಯಲ್ಲಿಲ್ಲದ ಸರ್ವರ್‌ನಿಂದ ಬಂದದ್ದು ಸ್ಪ್ಯಾಮ್ ಪೆಟ್ಟಿಗೆಗೂ ಹೋಗಕೂಡದು, ಬಾಗಿಲಲ್ಲೇ ವಾಪಸ್ ಎಂಬ ನಿಯಮ ಮಾಡಿದವಳು ನಾನೇ. ವಾಪಸ್ ಕಳಿಸುವಾಗ ಅಂಟಿಸುವ ಸಾಲೂ ನನ್ನದೇ: "ನೀವು ಯಾರೆಂದು ನಮಗೆ ತಿಳಿದಿಲ್ಲ. ದಯವಿಟ್ಟು ಮತ್ತೆ ಬರೆಯಬೇಡಿ." ಮೇಲೆ, ನಾನೇ ಉತ್ತರ ಕೊಟ್ಟ ಹಾಗೆ, ನನ್ನ ವಿಳಾಸ. ಚುಟುಕಾಗಿದೆ ಎಂದು ಮ್ಯಾನೇಜರ್ ಹೊಗಳಿದ್ದರು.

ಅದನ್ನು ಏಳು ಸಲ ಓದಿದೆಯಾ? ಓದಿಯೂ ಮತ್ತೆ ಬರೆದೆಯಾ? ಏನು ಬರೆದೆ ಎಂಬುದು ಇಲ್ಲಿ ಉಳಿದಿಲ್ಲ, ದಿನ ಮತ್ತು ಹೊತ್ತು ಮಾತ್ರ. ಒಂದು ನನ್ನ ಹುಟ್ಟುಹಬ್ಬದ್ದು. ಕೊನೆಯ ಮೂರು ಒಂದೇ ಬೆಳಿಗ್ಗೆ, ಹತ್ತು ನಿಮಿಷದೊಳಗೆ. ಆ ಬೆಳಿಗ್ಗೆ ಏನಾಗಿತ್ತು ಅಣ್ಣಾ? ನಿನ್ನೆಯಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಮ್ಯಾನೇಜರ್ ತಮ್ಮ ಅಳಿಯನಿಗಾಗಿ ಕೇಳಿದಾಗಲೂ ಯಾರಿಗೂ ವಿನಾಯಿತಿ ಇಲ್ಲ ಅಂದವಳು ನಾನು. ನಿನ್ನೆ ನಿನ್ನ ವಿಳಾಸವೊಂದಕ್ಕೆ ಮಾತ್ರ ತಪಾಸಣೆ ತೆಗೆದುಹಾಕಿದೆ. ನಿನ್ನ ಹೆಸರಲ್ಲಿ ಏನು ಬಂದರೂ ಇನ್ನು ನೇರ ಒಳಗೆ. ಇವತ್ತು ಬೆಳಿಗ್ಗೆ ಒಂದು ಬಂತು, ಕೂಡಲೇ ತೆರೆದೆ. ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು, ಯಾವನೋ ಕಳ್ಳನದು. ಎರಡು ಸಲ ಓದಿದೆ. ಮೇಲೆ ನಿನ್ನ ಹೆಸರಿತ್ತಲ್ಲ, ಅಳಿಸಲು ಮನಸ್ಸಾಗಲಿಲ್ಲ.